ಕೈಚಳಕ ಬಂತು, ಇನ್ನು ನೋಡುಗರ ಮನಸ್ಸು

ಇಸ್ಪೀಟಿನ ಜಾದೂ ಕೈಗೆ ಹತ್ತಿದ ಮೇಲೆ ಹೊಸ ಹೊಸ ಕೈಚಳಕಗಳ ಬೆನ್ನು ಬೀಳಬೇಡಿ. ಮೊದಲು 1994ರಲ್ಲಿ ಬಂದ ಜಾದೂಗಾರ ಡಾರ್ವಿನ್ ಆರ್ಟಿಜ್ ಅವರ ‘ಸ್ಟ್ರಾಂಗ್ ಮ್ಯಾಜಿಕ್’ ಓದಿ. ನೋಡುಗರ ಗಮನ ಯಾವಾಗ ಎಲ್ಲಿರುತ್ತದೆ, ಅದನ್ನು ಹೇಗೆ ಕರೆದೊಯ್ಯಬೇಕು ಎಂಬುದನ್ನೂ ಅದು ಹೇಳಿಕೊಡುತ್ತದೆ.

ಎರಡು ಎಲೆಗಳನ್ನು ಒಂದೇ ಎಲೆಯಂತೆ ಎತ್ತುವ ಡಬಲ್ ಲಿಫ್ಟನ್ನೇ ತೆಗೆದುಕೊಳ್ಳಿ. ಮೇಲಿನ ಎರಡು ಎಲೆಗಳನ್ನು ಕಿರುಬೆರಳಿನಿಂದ ಬೇರ್ಪಡಿಸಿಕೊಳ್ಳುವಾಗ ನೀವು ಕೈಯನ್ನೇ ದಿಟ್ಟಿಸಿದರೆ ಎದುರಿನವರೂ ಅಲ್ಲೇ ದಿಟ್ಟಿಸುತ್ತಾರೆ. ತಲೆಯೆತ್ತಿ ಅವರ ಹೆಸರು ಹಿಡಿದು ಏನಾದರೂ ಕೇಳಿ. ಅವರು ನಿಮ್ಮ ಮುಖ ನೋಡಿ ಉತ್ತರಿಸುವಷ್ಟರಲ್ಲಿ ಬೆರಳು ತನ್ನ ಕೆಲಸ ಮುಗಿಸಿರುತ್ತದೆ. ಸ್ಪೇನಿನ ಜಾದೂಗಾರ ಹುವಾನ್ ತಮಾರಿಜ್ ಕಣ್ಣು, ಧ್ವನಿ, ಕೈ, ಪಾದ, ದೇಹ ಈ ಐದರ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ಅದನ್ನು ಬಿಡಲೇಬೇಡಿ.

ಇನ್ನು ಇಸ್ಪೀಟಿನ ಕೈಚಳಕದ ಬಗ್ಗೆ ಎರ್ಡ್‌ನೇಸ್ 1902ರಲ್ಲಿ ತಂದ ಪುಸ್ತಕ ಮೊದಲ ಓದಿಗೆ ಬಗ್ಗುವಂಥದ್ದಲ್ಲ. ಎಲೆಕಟ್ಟು ಕೈಯಲ್ಲಿ ಹಿಡಿದೇ ಒಂದೊಂದು ವಾಕ್ಯ ದಾಟಿ.

ಪ್ರಯೋಗಗಳ ಹೆಣಿಗೆ ಕಲಿಯಲು ‘ಆಂಬಿಷಿಯಸ್ ಕಾರ್ಡ್’ ಸಾಕು. ಈ ಆಟದಲ್ಲಿ ಕಟ್ಟಿನ ನಡುವೆ ಇಟ್ಟ ಎಲೆ ಮತ್ತೆ ಮತ್ತೆ ಮೇಲಕ್ಕೆ ಬರುತ್ತದೆ. ಮೊದಲ ಸಲ ‘ಅದನ್ನು ನಡುವೆ ಇಟ್ಟೇ ಇರಲಿಲ್ಲ’ ಎಂಬ ಅನುಮಾನ ಹುಟ್ಟುವುದು ಸಹಜ; ಎರಡನೆಯ ಸಲ ಆ ದಾರಿ ಮುಚ್ಚುವ ವಿಧಾನವನ್ನೇ ಆರಿಸಿಕೊಳ್ಳಿ. ಆಟ ತೋರಿಸಿದ ಮರುದಿನ, ಏನೇನು ನಡೆಯಿತೆಂದು ನೋಡಿದವರಿಂದಲೇ ಹೇಳಿಸಿ. ಅವರ ವಿವರಣೆಯಲ್ಲಿ ನಿಮ್ಮ ಕಿರುಬೆರಳು ಬಂದರೆ, ನೋಡುಗರ ಗಮನದ ಬಗ್ಗೆ ಓದಿದ ಪುಟ ಮತ್ತೆ ತೆರೆಯಿರಿ.