ಯಾವ ಜಾರ್ ಮೊದಲು?

ಕ್ಲಾಸ್‌ಪಾತ್ ಅಂದರೆ ಜಾವಾ ತನ್ನ ಕ್ಲಾಸುಗಳನ್ನು ಹುಡುಕಿಕೊಂಡು ಹೋಗುವ ದಾರಿ. ಒಂದೇ ಹೆಸರಿನ ಕ್ಲಾಸು ಎರಡು ಜಾರ್‌ಗಳಲ್ಲಿದ್ದರೆ ಸಾಮಾನ್ಯವಾಗಿ ಮೊದಲು ಸಿಕ್ಕಿದ್ದೇ ಲೋಡ್ ಆಗುತ್ತದೆ, ಇನ್ನೊಂದನ್ನು ಕೇಳೋರಿಲ್ಲ. ಒಂದೇ ಹೆಸರಿನ ಎರಡು ಲೆಡ್ಜರ್ ಇದ್ದಾಗ ಗುಮಾಸ್ತ ಕೈಗೆ ಸಿಕ್ಕಿದ್ದರಲ್ಲೇ ಬರೆದ ಹಾಗೆ! ಸಿಕ್ಕಿದ್ದು ಹಳೆಯ ಆವೃತ್ತಿಯಾದರೆ, ಕಂಪೈಲ್ ಸರಿಯಾಗಿ ಆಗಿದ್ದರೂ ಓಡುವಾಗ ‘ನೋಸಚ್‌ಮೆಥಡ್‌ಎರರ್’. ಅದೂ ಆ ಸಾಲಿಗೆ ಬರುವ ತನಕ ಸುಳಿವೇ ಇಲ್ಲ.

ಎರಡು ಆವೃತ್ತಿಗಳಿಗೆ ಬೇಡಿಕೆಯಿದ್ದರೆ ಮೇವೆನ್ ಅವಲಂಬನೆಯ ಮರದಲ್ಲಿ ಹತ್ತಿರದ್ದನ್ನು, ಗ್ರೇಡಲ್ ಸಾಮಾನ್ಯವಾಗಿ ಹೊಸದನ್ನು ಆರಿಸುತ್ತದೆ. ಅಂದಮೇಲೆ ನಮ್ಮಲ್ಲಿ ಪಾಸಾದ ಟೆಸ್ಟು ಗಿರಾಕಿಯ ಕಡೆ ಏನು ಸಾಕ್ಷಿ?

ಅದೇ ಟೆಸ್ಟನ್ನು ಹಳೆಯ ಜಾರ್ ಇಟ್ಟು, ಹೊಸದಿಟ್ಟು, ಐಚ್ಛಿಕ ಜಾರನ್ನು ತೆಗೆದೇಬಿಟ್ಟು, ಪ್ರತಿಸಲ ಬೇರೆ ಜೆವಿಎಂನಲ್ಲಿ ಓಡಿಸಬೇಕು. ಅನುಮಾನ ಬಂತೋ, ‘ವರ್ಬೋಸ್ ಕ್ಲಾಸ್’ ಆಯ್ಕೆ ಕೊಡಿ. ಯಾವ ಕ್ಲಾಸು ಯಾವ ಜಾರ್‌ನಿಂದ ಬಂತು ಅಂತ ಸಾಲುಸಾಲಾಗಿ ಹೇಳುತ್ತೆ.