ರವೆನ್ನಾದ ಕುರಿಮರಿ, ಹಾನಗಲ್ಲಿನ ಕಮಲ

ಮೊಸಾಯಿಕ್ ಅಂದ್ರೆ ನಮಗೆಲ್ಲ ನೆನಪಾಗೋದು ಹಳೇ ಮನೆಯ ನೆಲ. ನನಗೂ ಅಷ್ಟೇ ಗೊತ್ತಿತ್ತು, ಇಟಲಿಯ ರವೆನ್ನಾದಲ್ಲಿರುವ ಸ್ಯಾನ್ ವಿಟಾಲೆ ಚರ್ಚಿನ ಫೋಟೋ ನೋಡೋವರೆಗೆ.

547ರಲ್ಲಿ ಪ್ರತಿಷ್ಠೆಯಾದ ಈ ಬೈಜಾಂಟಿನ್ ಚರ್ಚ್ ಎಂಟು ಮೂಲೆಯದ್ದು. ಎಂಟು ದಪ್ಪ ಕಂಬಗಳ ಮೇಲೆ ಗುಮ್ಮಟ. ಬಲಿಪೀಠದ ಭಾಗದಲ್ಲಿ ಗೋಡೆ, ಚಾವಣಿ ತುಂಬ ಮೊಸಾಯಿಕ್. ಹಸಿ ಸುಣ್ಣದ ಗಾರೆಗೆ ಬಣ್ಣದ ಗಾಜು, ಕಲ್ಲಿನ ಸಣ್ಣ ಚೂರುಗಳನ್ನು ಒತ್ತಿ ಮಾಡಿದ ಚಿತ್ರಗಳು. ಚಿನ್ನದ ಚೂರು ಅಂದ್ರೆ ಎರಡು ಪದರ ಗಾಜಿನ ನಡುವೆ ತೆಳುವಾದ ಚಿನ್ನದ ಹಾಳೆ. ಚೂರುಗಳು ಒಂದೇ ಸಮತಲದಲ್ಲಿ ಇರೋದಿಲ್ಲ, ಸ್ವಲ್ಪ ಸ್ವಲ್ಪ ವಾಲಿರುತ್ತವೆ. ಅದಕ್ಕೇ ದೀಪ ಅಲುಗಿದರೆ ಗೋಡೆಯೇ ಮಿನುಗಿದಂತೆ ಕಾಣುತ್ತೆ. ಆ ಭಾಗದ ಚಾವಣಿಯ ನಟ್ಟನಡುವೆ ಒಂದು ಕುರಿಮರಿ. ಅದು ಕ್ರಿಸ್ತನ ಸಂಕೇತ. ನಾಲ್ವರು ದೇವದೂತರು ಅದನ್ನು ಎತ್ತಿ ಹಿಡಿದಿದ್ದಾರೆ.

ಎಂಟು ಕಂಬ, ತಲೆ ಮೇಲೆ ನಡುವೆ ಒಂದು ಸಂಕೇತ. ಇದನ್ನ ಎಲ್ಲೋ ನೋಡಿದ್ದೀನಲ್ಲ ಅನ್ನಿಸ್ತು.

ನಮ್ಮ ಅಜ್ಜಿ ಊರು ಹಾನಗಲ್ಲ. ಸಣ್ಣವನಿದ್ದಾಗ ತಾರಕೇಶ್ವರ ಗುಡಿಗೆ ಕರ್ಕೊಂಡು ಹೋಗಿ, "ಮ್ಯಾಲ ನೋಡಪಾ, ಕಮಲ ಐತಿ" ಅಂದಿದ್ದರು. ನಾನು ಮೊಬೈಲಲ್ಲಿ ಗೇಮ್ ಆಡ್ತಿದ್ದೆ. ಕತ್ತೆತ್ತಿ ಒಂದು ಸಲ ನೋಡಿ ಮತ್ತೆ ಆಟ.

ಈ ದಸರಾ ರಜೆಯಲ್ಲಿ ಸರಿಯಾಗಿ ನೋಡಿದೆ. 12ನೇ ಶತಮಾನದ ಗುಡಿ, ಕಲ್ಯಾಣ ಚಾಲುಕ್ಯರ ಶೈಲಿ. ಆಗ ಹಾನಗಲ್ಲಿನ ಹೆಸರು ಪಾನುಂಗಲ್ಲು, ಕದಂಬರ ಒಂದು ಶಾಖೆಯ ರಾಜಧಾನಿ. ಮಂಟಪದ ನಡುವೆ ಎಂಟು ಕಂಬ, ಮೇಲೆ ಕಲ್ಲಿನ ಉಂಗುರಗಳು ಚಿಕ್ಕದಾಗುತ್ತ ಹೋಗಿ ಕೊನೆಗೆ ನಡುವಿನಿಂದ ಕೆಳಗೆ ಇಳಿದ ಕಮಲ.

ನೋಡೋಕೆ ಎರಡೂ ಗುಮ್ಮಟವೇ. ಆದರೆ ಕೆಲಸ ಮಾಡೋ ರೀತಿ ಬೇರೆ. ಬೈಜಾಂಟಿನ್ ಗುಮ್ಮಟ ನಿಜವಾದ ಕಮಾನು, ಬುಡದಲ್ಲಿ ಹೊರಕ್ಕೆ ತಳ್ಳುತ್ತೆ. ಅದಕ್ಕೇ ರವೆನ್ನಾದವರು ಗುಮ್ಮಟವನ್ನು ಟೊಳ್ಳು ಮಣ್ಣಿನ ಕೊಳವೆಗಳಿಂದ ಕಟ್ಟಿ ಭಾರ ಇಳಿಸಿದರು. ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾದ ದೊಡ್ಡ ಗುಮ್ಮಟ ಭೂಕಂಪಗಳ ಪೆಟ್ಟು ತಿಂದು 558ರಲ್ಲಿ ಬಿತ್ತು. ಮತ್ತೆ ಕಟ್ಟಿದಾಗ ಹೊರಕ್ಕೆ ತಳ್ಳೋದು ಕಡಿಮೆಯಾಗಲಿ ಅಂತ ಎತ್ತರ ಹೆಚ್ಚಿಸಿದರು.

ಹಾನಗಲ್ಲಿನಲ್ಲಿ ಪ್ರತಿ ಉಂಗುರ ಕೆಳಗಿನದಕ್ಕಿಂತ ಸ್ವಲ್ಪ ಒಳಕ್ಕೆ ಚಾಚುತ್ತೆ, ಅದರ ಹಿಂಭಾಗವನ್ನು ಮೇಲಿನ ಭಾರ ಒತ್ತಿ ಹಿಡಿಯುತ್ತೆ. ಭಾರ ಹೆಚ್ಚಾಗಿ ನೇರ ಕೆಳಗೆ ಇಳಿಯುತ್ತೆ. ಹಾಸ್ಟೆಲ್ ಟೇಬಲ್ ಮೇಲೆ ಮಾಡಿ ನೋಡಿ: ಒಂದೇ ಅಳತೆಯ ನಾಲ್ಕು ಪುಸ್ತಕ ಪೇರಿಸಿ, ಮೇಲಿನದನ್ನು ಉದ್ದದ 1/2, ಅದರ ಕೆಳಗಿನದನ್ನು 1/4, ಆಮೇಲೆ 1/6, 1/8 ಹೊರಕ್ಕೆ ಸರಿಸಿ. ಒಟ್ಟು 25/24. ಅಂದ್ರೆ ಲೆಕ್ಕದ ಪ್ರಕಾರ ಮೇಲಿನ ಪುಸ್ತಕ ಪೂರ್ತಿ ಟೇಬಲ್ಲಿನ ಆಚೆ! (ಸ್ವಲ್ಪ ಕಡಿಮೆ ಸರಿಸಿ, ಇಲ್ಲಾಂದ್ರೆ ಬೀಳುತ್ತೆ.) ಈ ವಿಧಾನದಲ್ಲಿ ಬಹಳ ಅಗಲ ಸಾಧ್ಯವಿಲ್ಲ, ಅದಕ್ಕೇ ಕಂಬಗಳು ಹತ್ತಿರ ಹತ್ತಿರ.

ಬೆಳಕಿನ ಕೆಲಸವೂ ಬೇರೆ. ಅಲ್ಲಿ ಗಾಜು ಬೆಳಕನ್ನು ವಾಪಸ್ ಕಳಿಸುತ್ತೆ. ಇಲ್ಲಿ ಬಳಪದ ಕಲ್ಲು. ಮೆದುವಾದ್ದರಿಂದ ಆಳವಾಗಿ ಕೆತ್ತಬಹುದು, ಬದಿಯಿಂದ ಬರುವ ಬೆಳಕಿಗೆ ನೆರಳೇ ಗೆರೆ ಬರೆಯುತ್ತೆ.

ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯ ಗೆಳೆಯರೇ, ನಿಮಗೆ ಹಾನಗಲ್ಲ ದೂರ ಏನಲ್ಲ. ಶಿಗ್ಗಾಂವದವರಿಗೆ ಪಕ್ಕದಲ್ಲೇ ಬಂಕಾಪುರದ ಅರವತ್ತು ಕಂಬದ ಗುಡಿಯೂ ಇದೆ. ರವೆನ್ನಾಕ್ಕೆ ವೀಸಾ ಬೇಕು. ಇಲ್ಲಿಗೆ ಬಸ್ಸು ಸಾಕು.

ಅಜ್ಜಿಗೆ ಈಗ ಮೊಣಕಾಲು ನೋವು, ಗುಡಿವರೆಗೂ ನಡೆಯೋಕಾಗಲ್ಲ. ಈ ಸಲ ಕಮಲದ ಫೋಟೋ ತೆಗೆದು ನಾನೇ ಅವರಿಗೆ ತೋರಿಸಿದೆ.