ಕಾಲೇಜು ಲ್ಯಾಬ್: ಯಂತ್ರಕ್ಕೂ ಮೊದಲು ಗಂಟೆ ಎಣಿಸಿ

ತಾಲ್ಲೂಕು ಮಟ್ಟದ ಪದವಿ ಕಾಲೇಜುಗಳಲ್ಲಿ ಕಂಪ್ಯೂಟರ್ ಖರೀದಿ ನಡೆಯುವುದು ಹೆಚ್ಚಾಗಿ ಮಾರ್ಚ್ ತಿಂಗಳಲ್ಲಿ. ಅನುದಾನ ವಾಪಸು ಹೋದೀತೆಂಬ ಧಾವಂತದಲ್ಲಿ ಕೊಟೇಶನ್ ತರಿಸಿ, ಇರುವ ದುಡ್ಡಿಗೆ ಎಷ್ಟು ಬಂದೀತೋ ಅಷ್ಟು ಸಿಸ್ಟಂ ತಂದು ಸಾಲಾಗಿ ಜೋಡಿಸಿಬಿಡುತ್ತಾರೆ. ತರಗತಿ ಶುರುವಾದ ಮೇಲೆ ಯುಪಿಎಸ್ ಸಾಲದು, ಸ್ವಿಚ್‌ನಲ್ಲಿ ಪೋರ್ಟ್ ಖಾಲಿಯಿಲ್ಲ, ಲ್ಯಾಬ್ ನೋಡಿಕೊಳ್ಳಲು ಆಳಿಲ್ಲ ಎಂಬ ದೂರುಗಳು ಒಂದೊಂದಾಗಿ ಬರತೊಡಗುತ್ತವೆ. ಖರೀದಿ ಕೊನೆಗೆ ಮಾಡುವ ಕೆಲಸ. ಅದಕ್ಕೂ ಮೊದಲು ಕೈಯಲ್ಲಿ ಹಿಡಿಯಬೇಕಾದ್ದು ವೇಳಾಪಟ್ಟಿ.

ಮೊದಲ ಹೆಜ್ಜೆ: ವಾರದ ಗಂಟೆಗಳು

ಬಿಸಿಎ ಮೂರೂ ವರ್ಷಗಳಲ್ಲಿ ತಲಾ 50 ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳಿ. 25 ಜನರಂತೆ ಒಟ್ಟು 6 ಬ್ಯಾಚ್. ಪ್ರತಿ ಬ್ಯಾಚ್‌ಗೆ ವಾರಕ್ಕೆ 2 ಪ್ರಾಕ್ಟಿಕಲ್, ಒಂದೊಂದೂ 3 ಗಂಟೆ. ಗುಣಿಸಿದರೆ 36 ಗಂಟೆ. ಲ್ಯಾಬ್ ತೆರೆದಿರುವುದು ದಿನಕ್ಕೆ 6 ಗಂಟೆಯಂತೆ ಐದು ದಿನ, ಶನಿವಾರ ಅರ್ಧ ದಿನ, ಅಂದರೆ 33 ಗಂಟೆ. ಬಿಕಾಂನವರು ಟ್ಯಾಲಿ ಕಲಿಯಲು ಬರುವ ಮುಂಚೆಯೇ 3 ಗಂಟೆ ಕೊರತೆ!

ಈ ಲ್ಯಾಬ್‌ಗೆ ಇನ್ನೂ 10 ಸಿಸ್ಟಂ ತಂದರೆ, ಬ್ಯಾಚ್ ದೊಡ್ಡದು ಮಾಡದ ಹೊರತು, ಒಂದು ಗಂಟೆಯೂ ಹೆಚ್ಚುವುದಿಲ್ಲ. ಬೇಕಿರುವುದು ಎರಡನೇ ಕೊಠಡಿ, ಇಲ್ಲವೇ ಬೆಳಿಗ್ಗೆ ಎಂಟೂವರೆಗೆ ಬಂದು ಬಾಗಿಲು ತೆರೆಯುವ ಒಬ್ಬ ಸಿಬ್ಬಂದಿ. ಎರಡನೆಯದು ಅಗ್ಗ. ಸಂಜೆಯ ಅವಧಿಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಊರಿಗೆ ಹೋಗುವ ಕೊನೇ ಬಸ್ಸು ಹೊರಡುವ ಹೊತ್ತಿನಲ್ಲಿ ಹಾಕಿದ ಪ್ರಾಕ್ಟಿಕಲ್ ವೇಳಾಪಟ್ಟಿಯಲ್ಲಿ ಮಾತ್ರ ನಡೆಯುತ್ತದೆ.

25ರ ಬ್ಯಾಚ್‌ಗೆ 28 ಸಿಸ್ಟಂ ಇರಲಿ. ಎರಡು ಮೂರು ಯಾವಾಗಲೂ ಕೆಟ್ಟಿರುತ್ತವೆ.

ಎರಡನೇ ಹೆಜ್ಜೆ: ಇರುವುದರ ಲೆಕ್ಕ

ಸ್ಟಾಕ್ ರಿಜಿಸ್ಟರ್‌ನಲ್ಲಿರುವ ಸಂಖ್ಯೆಗೂ ಸ್ವಿಚ್ ಒತ್ತಿದರೆ ಆನ್ ಆಗುವ ಸಂಖ್ಯೆಗೂ ತಾಳೆಯಾಗುವ ಕಾಲೇಜು ಅಪರೂಪ. ಪ್ರತಿ ಸಿಪಿಯು ಮೇಲೆ ಅಳಿಸಿಹೋಗದ ಮಾರ್ಕರ್‌ನಲ್ಲಿ ನಂಬರ್ ಬರೆಯಿರಿ. ಒಂದು ಎಕ್ಸೆಲ್ ಹಾಳೆಯಲ್ಲಿ ಆ ನಂಬರಿನ ಮುಂದೆ ಪ್ರೊಸೆಸರ್ ಎಷ್ಟನೇ ಜನರೇಶನ್, ರ‍್ಯಾಮ್ ಎಷ್ಟು, ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ, ಕೊಂಡ ವರ್ಷ, ವಾರಂಟಿ ಮುಗಿಯುವ ದಿನ ಇಷ್ಟನ್ನು ತುಂಬಿ.

ಈ ಪಟ್ಟಿ ಈಗ ತುರ್ತಾಗಿ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚೂಕಡಿಮೆ 8ನೇ ಜನರೇಶನ್ ಅಥವಾ ಆನಂತರದ ಪ್ರೊಸೆಸರ್ ಇರಬೇಕು. ಅದಕ್ಕೆ ತಕ್ಕಂತೆ ಯಂತ್ರಗಳನ್ನು ಮೂರು ಗುಂಪು ಮಾಡಿ. ಅರ್ಹತೆ ಇರುವುದಕ್ಕೆ ವಿಂಡೋಸ್ 11. ಅದಕ್ಕಿಂತ ಹಳತಾದರೂ ಗಟ್ಟಿಮುಟ್ಟಾಗಿರುವುದಕ್ಕೆ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಅನ್ನು 8 ಜಿಬಿಗೆ ಏರಿಸಿ, ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ. ತೀರಾ ಹಳತನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಿ.

ಸಿಸ್ಟಂ ನಿಧಾನ ಎಂದು ದೂರುವವರು ಬೈಯುವುದು ಪ್ರೊಸೆಸರನ್ನು. ಬಹುಪಾಲು ತಪ್ಪು ಹಳೆಯ ಹಾರ್ಡ್ ಡಿಸ್ಕಿನದು. ಎಸ್‌ಎಸ್‌ಡಿ ಹಾಕಿದ ಮೇಲೆ ಐದು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ತೆರೆದುಕೊಳ್ಳುವುದುಂಟು. ಒಂದು ಹೊಸ ಸಿಸ್ಟಂನ ದುಡ್ಡಿನಲ್ಲಿ ಹಲವು ಹಳೆಯವನ್ನು ಹೀಗೆ ಎಬ್ಬಿಸಬಹುದು.

ಲಿನಕ್ಸ್ ಎಂದರೆ ಹಿಂಜರಿಯುವವರಿದ್ದಾರೆ. ಸಿ, ಜಾವಾ, ಪೈಥಾನ್, ಮೈಎಸ್‌ಕ್ಯೂಎಲ್ ಎಲ್ಲವೂ ಅದರಲ್ಲಿ ನಡೆಯುತ್ತವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಎಷ್ಟೋ ಪಾಠಗಳಿಗೆ ಕನ್ನಡ ಧ್ವನಿಯೂ ಇದೆ. ತೊಡಕು ಇರುವುದು ಎರಡು ಕಡೆ. ಟ್ಯಾಲಿಗೆ ವಿಂಡೋಸ್ ಬೇಕು, ಅಷ್ಟು ಯಂತ್ರಗಳನ್ನು ಬೇರೆ ಇಡಿ. ಕಚೇರಿಯಲ್ಲಿ ವರ್ಷಾನುಗಟ್ಟಲೆ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಪತ್ರಗಳು ಯೂನಿಕೋಡ್‌ನವಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ಕಚೇರಿಯ ಕಂಪ್ಯೂಟರ್ ಸದ್ಯಕ್ಕೆ ಮುಟ್ಟದಿರುವುದೇ ವಾಸಿ.

ಮೂರನೇ ಹೆಜ್ಜೆ: ಕರೆಂಟು

ಒಂದು ಡೆಸ್ಕ್‌ಟಾಪ್ ಮತ್ತು ಮಾನಿಟರಿಗೆ ಸುಮಾರು 120 ವಾಟ್ ಹಿಡಿಯಿರಿ. 28ಕ್ಕೆ 3,360 ವಾಟ್. ಯುಪಿಎಸ್ ಪವರ್ ಫ್ಯಾಕ್ಟರ್ 0.8 ಇದ್ದರೆ 4.2 ಕೆವಿಎ. ಮೇಲೆ ಕಾಲು ಭಾಗ ಸೇರಿಸಿದರೆ ಐದೂಕಾಲು ಬರುವುದರಿಂದ, 5 ಕೆವಿಎಗೆ ತೃಪ್ತಿಪಡದೆ ಮಾರುಕಟ್ಟೆಯಲ್ಲಿ ಸಿಗುವ ಮುಂದಿನ ಅಳತೆ ಕೇಳಿ. ಲೇಸರ್ ಪ್ರಿಂಟರನ್ನು ಮಾತ್ರ ಇದಕ್ಕೆ ಸಿಕ್ಕಿಸಬೇಡಿ. ಬಿಸಿಯಾಗುವಾಗ ಅದು ಒಮ್ಮೆಲೇ ಎಳೆಯುವ ಕರೆಂಟಿಗೆ ಇಡೀ ಲ್ಯಾಬ್ ಆಫ್ ಆದೀತು.

ಬ್ಯಾಟರಿ ಮೂರು ನಾಲ್ಕು ವರ್ಷದಲ್ಲಿ ಸೋಲುತ್ತದೆ. ಅದನ್ನು ಬದಲಿಸುವ ಹಣವನ್ನು ಖರೀದಿಯ ವರ್ಷವೇ ಬಜೆಟ್ಟಿನಲ್ಲಿ ಬರೆದಿಡಿ. ಅರ್ತಿಂಗನ್ನು ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷಿಸಿ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮಲ್ಟಿಮೀಟರ್ 3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ರಿಪೇರಿ ಬೇಕು. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹುಯ್ಯುವ ಕೆಲಸ ಯಾರದ್ದೆಂದು ಈಗಲೇ ಹೇಳಿಬಿಡಿ.

ನಾಲ್ಕನೇ ಹೆಜ್ಜೆ: ಇಂಟರ್ನೆಟ್

100 ಎಂಬಿಪಿಎಸ್ ಸಂಪರ್ಕವನ್ನು 25 ಜನ ಹಂಚಿಕೊಂಡರೆ ತಲೆಗೆ 4. ಪಾಠಕ್ಕೆ ಸಾಕು, ಎಲ್ಲರೂ ವಿಡಿಯೊ ತೆರೆದರೆ ಕಷ್ಟ. ಕಚೇರಿಗೆ ಮಾತ್ರ ಬೇರೆ ಸಂಪರ್ಕವೇ ಇರಲಿ. ಯುಯುಸಿಎಂಎಸ್‌ನಲ್ಲಿ ಪರೀಕ್ಷಾ ಅರ್ಜಿ ಅನುಮೋದಿಸುವ ಕೊನೆಯ ದಿನ ಲ್ಯಾಬ್‌ನಲ್ಲಿ ಅಪ್‌ಡೇಟ್ ಇಳಿಯುತ್ತಾ ಕೂತರೆ ಏನಾಗುತ್ತದೆಂದು ಗುಮಾಸ್ತರನ್ನು ಕೇಳಿ. ಲ್ಯಾಬ್ ಒಳಗೆ ವೈಫೈ ಬೇಡ, ಕೇಬಲ್ ಎಳೆಸಿ. ಕ್ಯಾಟ್-6 ಕೇಬಲ್ಲಿನ ಮಿತಿ 100 ಮೀಟರ್.

ಐದನೇ ಹೆಜ್ಜೆ: ದಿನದ ನಿಗಾ

ಬಾಗಿಲ ಬಳಿ ಒಂದು ಕಂಪ್ಲೇಂಟ್ ಬುಕ್ ತೂಗುಹಾಕಿ. ಸಿಸ್ಟಂ ನಂಬರ್, ತೊಂದರೆ, ತಾರೀಖು, ಸರಿಯಾದ ದಿನ, ಇಷ್ಟೇ ಸಾಕು. ಒಂದು ಸೆಮಿಸ್ಟರ್ ಕಳೆದರೆ ಯಾವ ಯಂತ್ರ ಪದೇಪದೇ ಕೈಕೊಡುತ್ತಿದೆ ಎಂದು ಪುಸ್ತಕವೇ ಹೇಳುತ್ತದೆ.

ಎಷ್ಟೋ ರಿಪೇರಿಗೆ ಹೊರಗಿನವರು ಬೇಕಿಲ್ಲ. ‘ನೆಟ್ ಬರ್ತಿಲ್ಲ ಸಾರ್’ ಎಂದು ವಿದ್ಯಾರ್ಥಿ ಕರೆದಾಗ ಮೊದಲು ಪರದೆಯ ಮೂಲೆಯಲ್ಲಿರುವ ತಾರೀಖು ನೋಡಿ. ಅಲ್ಲಿ ಹತ್ತಾರು ವರ್ಷ ಹಿಂದಿನ ದಿನಾಂಕವಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸಿಆರ್2032 ಸೆಲ್ ಸತ್ತಿದೆ ಎಂದರ್ಥ. ದಿನಾಂಕ ತಪ್ಪಾದರೆ ಬ್ರೌಸರ್ ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಆ ಸೆಲ್ ಬದಲಿಸಿ, ತಾರೀಖು ಸರಿಪಡಿಸಿದರೆ ಮುಗಿಯಿತು. ಆನ್ ಆದರೂ ಪರದೆ ಕಪ್ಪಗಿದ್ದು ಬೀಪ್ ಕೂಗುತ್ತಿದ್ದರೆ ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿ ನೋಡಿ.

ಅಂಕಪಟ್ಟಿ, ಹಾಜರಾತಿ, ಶುಲ್ಕದ ಕಡತಗಳ ಮೂರು ಪ್ರತಿ ಇರಲಿ. ಒಂದು ಕಂಪ್ಯೂಟರಿನಲ್ಲಿ, ಒಂದು ಬೀರುವಿನೊಳಗಿನ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ, ಮತ್ತೊಂದು ಕಾಲೇಜಿನ ಹೊರಗೆ ಅಥವಾ ಕ್ಲೌಡ್‌ನಲ್ಲಿ. ಗೂಗಲ್‌ನ ಉಚಿತ ಶೈಕ್ಷಣಿಕ ಖಾತೆಯನ್ನು ಕಾಲೇಜಿನ ಹೆಸರಿನಲ್ಲೇ ಪಡೆಯಬಹುದು. ಅತಿಥಿ ಉಪನ್ಯಾಸಕರ ಸ್ವಂತ ಜಿಮೇಲ್‌ನಲ್ಲಿ ಕಾಲೇಜಿನ ದಾಖಲೆ ಇಡುವುದು ಅವರಿಗೂ ಭಾರ, ಕಾಲೇಜಿಗೂ ಅಪಾಯ.

ಕೊನೆಗೆ ಖರೀದಿ, ವಿಲೇವಾರಿ

ಇಷ್ಟಾದ ಮೇಲೂ ಕೊರತೆ ಕಂಡರೆ ಹೊಸದು ಕೊಳ್ಳಿ. ಸಾಧ್ಯವಿದ್ದಲ್ಲಿ ಎಲ್ಲವನ್ನೂ ಒಂದೇ ವರ್ಷ ತರದೆ ವರ್ಷಕ್ಕೆ ಐದನೇ ಒಂದು ಭಾಗದಂತೆ ಬದಲಿಸಿ. ಆಗ ಎಲ್ಲ ಯಂತ್ರಗಳ ವಾರಂಟಿ ಒಂದೇ ದಿನ ತೀರುವುದಿಲ್ಲ. ಮೂರು ವರ್ಷದ ಆನ್‌ಸೈಟ್ ವಾರಂಟಿ ಬೇಕೆಂದು ಷರತ್ತಿನಲ್ಲೇ ಬರೆಯಿರಿ, ಎಂಜಿನಿಯರ್ ಯಾವ ಊರಿನಿಂದ ಬರುತ್ತಾರೆಂದು ಆದೇಶ ಕೊಡುವ ಮೊದಲೇ ವಿಚಾರಿಸಿ.

ಕೆಟ್ಟುಹೋದದ್ದನ್ನು ಮೆಟ್ಟಿಲ ಕೆಳಗೆ ರಾಶಿ ಹಾಕಬೇಡಿ, ಗುಜರಿಗೂ ತೂಕಕ್ಕೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅದು ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು. ಸಮಿತಿಯ ಠರಾವು ಮಾಡಿಸಿ, ಡಿಸ್ಕ್‌ಗಳ ಮಾಹಿತಿಯನ್ನು ಪೂರ್ತಿ ಅಳಿಸಿ, ಕೊಟ್ಟದ್ದಕ್ಕೆ ರಸೀದಿ ಪಡೆದು ಸ್ಟಾಕ್ ರಿಜಿಸ್ಟರ್‌ಗೆ ಅಂಟಿಸಿ.